ಒಂದು ಜೀವಕ್ಕೆ ಒಂದು ರೂಪಾಯಿ

ಕುಣಿಗಲ್ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, 1990ರ ದಶಕದ ನಡುವಿನ ವರ್ಷಗಳಲ್ಲಿ, ಒಂದು ಜೀವದ ಬೆಲೆ ಒಂದು ರೂಪಾಯಿ ಇತ್ತು. ಅಂಗಡಿಗೆ ಬೋರ್ಡು ಇರಲಿಲ್ಲ. ಮುಂಭಾಗದಲ್ಲಿ ಎಸ್‌ಟಿಡಿ ಬೂತು, ಅದರ ಹಿಂದೆ ಹಸಿರು ಪರದೆ, ಪರದೆಯ ಆಚೆ ಎರಡು ಕಲರ್ ಟಿವಿ, ನಾಲ್ಕು ಸ್ಟೂಲು. 1992ರಲ್ಲಿ ಬಂದ ಸಣ್ಣ ಸ್ಟೀಲ್ ರೂಪಾಯಿಯನ್ನು ಡಬ್ಬಿಗೆ ಹಾಕಿದವನ ಕೈಗೆ ಜಾಯ್‌ಸ್ಟಿಕ್ ಬರುತ್ತಿತ್ತು. ಮಾರಿಯೋ ಗುಂಡಿಗೆ ಬಿದ್ದರೋ, ಆಮೆ ತಾಗಿ ಸತ್ತರೋ, "ಏಳ್ಲಾ, ನಿನ್ ಜೀವ ಮುಗೀತು" ಅಂತ ಹಿಂದೆ ನಿಂತವನು ಸ್ಟೂಲಿನ ಕಾಲು ಒದೆಯುತ್ತಿದ್ದ.

ನಾನು ಟಿವಿ ರಿಪೇರಿಯವನು. ಹುತ್ರಿದುರ್ಗದ ಬುಡದ ಸಂತೆಪೇಟೆಯವನು. ಓದುವ ಕಾಲದಲ್ಲಿ ಆ ಅಂಗಡಿಯ ಗಿರಾಕಿಯಾಗಿದ್ದೆ, ಆಮೇಲೆ ಅಲ್ಲಿನ ಕೆಟ್ಟ ಸೆಟ್ಟುಗಳನ್ನು ಬಿಚ್ಚಿ ನೋಡುವವನಾದೆ. ನಮ್ಮ ತಾಲ್ಲೂಕಿನ ಚರಿತ್ರೆ ಬರೆದವರು ಕೆಂಪೇಗೌಡರ ಬಗ್ಗೆ ಬರೆದಿದ್ದಾರೆ, ಕುಣಿಗಲ್ ಕೆರೆ ಬಗ್ಗೆ, ಕುದುರೆ ಫಾರಂ ಬಗ್ಗೆ ಬರೆದಿದ್ದಾರೆ. ಗಂಟೆಗೆ, ಜೀವಕ್ಕೆ ಇಷ್ಟು ಅಂತ ಆಟವನ್ನು ಬಾಡಿಗೆಗೆ ಕೊಟ್ಟ ಈ ಕಸುಬು ಹತ್ತು ಹನ್ನೆರಡು ವರ್ಷ ನಡೆದು ಅಳಿದುಹೋಯಿತು. ಅದರ ಬಗ್ಗೆ ಎಲ್ಲೂ ಒಂದು ಸಾಲು ನಾನು ಕಂಡಿಲ್ಲ.

ಯಂತ್ರದ ಮಾತು ಮೊದಲು ಹೇಳಿಬಿಡುತ್ತೇನೆ. ಜಪಾನಿನ ನಿಂಟೆಂಡೊ ಕಂಪನಿ 1983ರ ಜುಲೈನಲ್ಲಿ ಫ್ಯಾಮಿಕಾಂ ಎಂಬ ಪೆಟ್ಟಿಗೆಯನ್ನು ಮಾರುಕಟ್ಟೆಗೆ ಬಿಟ್ಟಿತು. 1985ರ ಸೆಪ್ಟೆಂಬರಿನಲ್ಲಿ ಅದಕ್ಕೆ 'ಸೂಪರ್ ಮಾರಿಯೋ ಬ್ರದರ್ಸ್' ಬಂತು. ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ಕಟ್ಟಿದ ಆಟ, ಕೋಜಿ ಕೊಂಡೊ ಹಾಕಿದ ಸಂಗೀತ. ಎಂಟು ಲೋಕ, ಲೋಕಕ್ಕೆ ನಾಲ್ಕು ಸ್ಟೇಜು, ಒಟ್ಟು 32. ಇಷ್ಟೆಲ್ಲ ಸೇರಿ 40 ಕಿಲೋಬೈಟು. ಇವತ್ತು ಮೊಬೈಲಿನಲ್ಲಿ ಬರುವ ಒಂದು ಗುಡ್ ಮಾರ್ನಿಂಗ್ ಹೂವಿನ ಚಿತ್ರ ಅದಕ್ಕಿಂತ ದೊಡ್ಡದು. ಜಾಗ ಉಳಿಸಲು ಅವರು ಮೋಡ ಮತ್ತು ಪೊದೆ ಎರಡಕ್ಕೂ ಒಂದೇ ಚಿತ್ರ ಬಳಸಿ ಬಣ್ಣ ಮಾತ್ರ ಬದಲಿಸಿದ್ದರು. ನಮ್ಮ ಮನೆಯ ಕಪ್ಪು-ಬಿಳುಪು ಟಿವಿಯಲ್ಲಿ ಆಡಿದವರಿಗೆ ಇದು ಬೇಗ ಗೊತ್ತಾಗುತ್ತಿತ್ತು, ಏಕೆಂದರೆ ಬಣ್ಣದ ಮರೆ ಇರಲಿಲ್ಲ.

ಜಪಾನಿನ ಅಸಲಿ ಪೆಟ್ಟಿಗೆ ಕುಣಿಗಲ್ಲಿಗೆ ಬರಲಿಲ್ಲ. ಬಂದದ್ದು ಅದರ ನಕಲು. ತೈವಾನ್, ಚೀನಾಗಳಲ್ಲಿ ಆ ಯಂತ್ರದ ಪ್ರತಿರೂಪ ಮಾಡುವವರು ಹುಟ್ಟಿಕೊಂಡಿದ್ದರು. ನಮ್ಮ ದೇಶದಲ್ಲಿ ಸಮುರಾಯ್, ಲಿಟ್ಲ್ ಮಾಸ್ಟರ್, ವಿಜ್ ಕಿಡ್, ಟರ್ಮಿನೇಟರ್ ಅಂತೆಲ್ಲ ಹೆಸರು ಹೊತ್ತು ಓಡಾಡಿದವು ಅವೇ. ಬೆಂಗಳೂರಿನ ಎಸ್‌.ಪಿ. ರಸ್ತೆ, ಮೆಜೆಸ್ಟಿಕ್ಕಿನ ನ್ಯಾಷನಲ್ ಮಾರ್ಕೆಟ್‌ನಿಂದ ಬಸ್ಸಿನ ಸೀಟಿನಡಿ ಬರುತ್ತಿದ್ದವು. ಬಿಚ್ಚಿದರೆ ಒಳಗೆ ಚಿಪ್ಪಿನ ಮೇಲೆ ಕರಿ ಅಂಟು ಸುರಿದಿರುತ್ತಿತ್ತು; ಯಾರು ಮಾಡಿದ್ದು, ಯಾವ ನಂಬರು, ಏನೂ ಓದುವಂತಿಲ್ಲ. ಅದು ಕೆಟ್ಟರೆ ಕೆಟ್ಟ ಹಾಗೇ. ರಿಪೇರಿಯಾಗುತ್ತಿದ್ದುದು ಅಡಾಪ್ಟರ್, ಜಾಯ್‌ಸ್ಟಿಕ್ಕಿನ ವೈರು, ಒಳಗಿನ ರಬ್ಬರ್ ಪ್ಯಾಡು ಮತ್ತು ಕ್ಯಾಸೆಟ್ ಕೂರುವ ಅರವತ್ತು ಪಿನ್ನಿನ ಸಾಕೆಟ್ಟು. ಕ್ಯಾಸೆಟ್ ಹಿಡಿಯದಿದ್ದರೆ ಹುಡುಗರೆಲ್ಲ ಅದರ ಬಾಯಿಗೆ ಉಫ್ ಅಂತ ಊದುತ್ತಿದ್ದರು. ಊದಿದ ಉಗುಳಿನ ತೇವಕ್ಕೇ ಪಿನ್ನು ಕಿಲುಬು ಹಿಡಿಯುತ್ತಿತ್ತು. ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿ ಸ್ಪಿರಿಟ್ಟಿನಲ್ಲಿ ಒರೆಸಿದರೆ ಮುಗಿಯಿತು, ಐದು ರೂಪಾಯಿ ಕೂಲಿ.

'9999 ಆಟ' ಎಂದು ಬರೆದ ಕ್ಯಾಸೆಟ್ಟಿನ ಮರ್ಮವೂ ರಿಪೇರಿ ಮೇಜಿನ ಮೇಲೇ ತಿಳಿದದ್ದು. ಅಸಲಿ ಆಟ ಹತ್ತಿಪ್ಪತ್ತು ಇದ್ದರೆ ಹೆಚ್ಚು. ಅದೇ ಮಾರಿಯೋ ಮೂರನೇ ಲೋಕದಿಂದ ಶುರುವಾದರೆ ಅದೊಂದು ಹೊಸ ಹೆಸರು, ನಾಲ್ಕನೆಯದರಿಂದ ಶುರುವಾದರೆ ಮತ್ತೊಂದು. ಗಿರಾಕಿಗೆ ಇದರಿಂದ ಬೇಸರವಾದದ್ದು ನಾನು ನೋಡಿಲ್ಲ. ಸಾವಿರಾರು ಆಟ ಇದೆ ಎನ್ನುವ ಪಟ್ಟಿಯನ್ನು ಪುಟಪುಟ ಇಳಿಸಿ ನೋಡುವುದೇ ಒಂದು ಆಟವಾಗಿತ್ತು.

ಹುತ್ರಿದುರ್ಗದ ಮಕ್ಕಳಿಗೆ ಇದು ಬರುವ ಮೊದಲೂ ಕೂಡಿಡುವ ಚಟ ಇತ್ತು. ಬೆಂಕಿಪೊಟ್ಟಣದ ಮೇಲಿನ ಚಿತ್ರ, ಸಿಗರೇಟು ಪ್ಯಾಕಿನ ರಟ್ಟು, ಗೋಲಿ. 1987ರ ವಿಶ್ವಕಪ್ಪಿನ ಆಚೀಚೆ ಬಿಗ್ ಫನ್ ಬಬಲ್ ಗಮ್ ಬಂತು. ಕಾಗದದ ಮೇಲೆ ರನ್ನು, ವಿಕೆಟ್ಟು ಅಚ್ಚಾಗಿರುತ್ತಿದ್ದವು, ಇಷ್ಟು ರನ್ ಕೂಡಿಸಿದರೆ ಬಹುಮಾನ. ಗಮ್ ರುಚಿಯಾಗಿತ್ತೋ ಇಲ್ಲವೋ ನೆನಪಿಲ್ಲ, ರನ್ನು ನೆನಪಿದೆ. ಗೋಲಿ, ಚಿತ್ರಗಳಿಗೂ ವಿನಿಮಯದ ದರ ಇತ್ತು: ಅಪರೂಪದ ಒಂದು ಚಿತ್ರಕ್ಕೆ ಸಾದಾ ಹತ್ತು. ಆದ್ದರಿಂದ ನೂರು ನಾಣ್ಯ ಕೂಡಿಸಿದರೆ ಒಂದು ಜೀವ ಕೊಡುತ್ತಾನೆ ಎಂಬ ಮಾರಿಯೋ ಲೆಕ್ಕವನ್ನು ಯಾರೂ ನಮಗೆ ಬಿಡಿಸಿ ಹೇಳಬೇಕಾಗಲಿಲ್ಲ.

ಊರಿನಲ್ಲಿ ಸೆಟ್ಟು ಇದ್ದದ್ದು ಎರಡು ಮೂರು ಮನೆಯಲ್ಲಿ. ಅಲ್ಲಿ ಇನ್ನೊಬ್ಬ ಶತ್ರು ಇದ್ದ: ಕರೆಂಟು. ಅದು ಕೆಇಬಿ ಕಾಲ. ಬೇಸಿಗೆಯಲ್ಲಿ ಹಳ್ಳಿಗೆ ಕರೆಂಟು ಬರುವುದು ಒಂದು ಸುದ್ದಿ, ಹೋಗುವುದು ಸುದ್ದಿಯೇ ಅಲ್ಲ. ಮಾರಿಯೋ ಆಟದಲ್ಲಿ ಉಳಿಸಿಕೊಳ್ಳುವ ಏರ್ಪಾಡು ಇಲ್ಲ. ಕರೆಂಟು ಹೋದರೆ ಐದನೇ ಲೋಕ, ಎಪ್ಪತ್ತು ನಾಣ್ಯ, ನಾಲ್ಕು ಜೀವ ಎಲ್ಲ ಒಟ್ಟಿಗೆ ಹೋದ ಹಾಗೆ, ಮತ್ತೆ ಒಂದನೇ ಲೋಕದ ಒಂದನೇ ಸ್ಟೇಜು. ಜಪಾನಿನವರು ಆಟ ಮಾಡುವಾಗ ಲೋಡ್ ಶೆಡ್ಡಿಂಗ್ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನಮ್ಮೂರಿನಲ್ಲಿ ನಾಣ್ಯ ಆರಿಸುತ್ತ ಸಾವಧಾನವಾಗಿ ಆಡುವವನನ್ನು ಬೈಯುತ್ತಿದ್ದರು: "ಬೇಗ ಹೋಗ್ಲಾ, ಆರೂವರೆಗೆ ತೆಗೀತಾನೆ."

ಕರೆಂಟೂ ಇಲ್ಲ, ಕುಣಿಗಲ್ಲಿಗೆ ಹೋಗಲು ಬಸ್ ಛಾರ್ಜೂ ಇಲ್ಲ ಅನ್ನುವ ದಿನ ಬೆಟ್ಟ ಇತ್ತು.

ಹುತ್ರಿದುರ್ಗ ನೋಡದವರಿಗೆ ಹೇಳಬೇಕು. ಬೆಂಗಳೂರಿನ ಸುತ್ತ ನವದುರ್ಗಗಳು ಎಂದು ಎಣಿಸುವ ಬೆಟ್ಟಕೋಟೆಗಳಲ್ಲಿ ಇದೂ ಒಂದು. ಸಮುದ್ರಮಟ್ಟದಿಂದ ಸುಮಾರು 3,700 ಅಡಿ. ಮಾಗಡಿ ಕೆಂಪೇಗೌಡರ ವಂಶದವರು ಬಲಪಡಿಸಿದ ಕೋಟೆ. ಒಂದರ ಮೇಲೊಂದು ಸುತ್ತುಗೋಡೆ, ಒಂದಾದ ಮೇಲೊಂದು ಬಾಗಿಲು. ಏಳು ಬಾಗಿಲು ಎನ್ನುತ್ತಾರೆ ಊರವರು. ಕೆಳಗೆ ಗುಂಡುಕಲ್ಲಿನ ನಡುವೆ ಮೆಟ್ಟಿಲು, ಮೇಲೆ ಬೋಳು ಬಂಡೆ, ಅಲ್ಲಲ್ಲಿ ನೀರಿನ ದೊಣೆ, ತುದಿಯಲ್ಲಿ ಶಂಕರೇಶ್ವರನ ಗುಡಿ, ನಂದಿ. ಬಾನು ತಿಳಿಯಾಗಿದ್ದರೆ ಅಲ್ಲಿಂದ ಸಾವನದುರ್ಗವೂ ಶಿವಗಂಗೆಯೂ ಕಾಣುತ್ತವೆ. 1728ರಲ್ಲಿ ಮಾಗಡಿ ಮೈಸೂರಿನವರ ಕೈಸೇರಿದಾಗ ಈ ಸೀಮೆಯೂ ಸೇರಿತು. 1791ರ ಡಿಸೆಂಬರ್ 21ರಂದು ಇಂಗ್ಲಿಷರು ಟಿಪ್ಪುವಿನ ಸಾವನದುರ್ಗ ಹಿಡಿದರು. ಅದಾದ ಕೆಲವೇ ದಿನಕ್ಕೆ ಇದೂ ಬಿತ್ತು. ಮುಂದಿನ ಜನವರಿಯಲ್ಲಿ ಕಾರ್ನ್‌ವಾಲಿಸನ ದಂಡು ಈ ಬೆಟ್ಟದ ಸುತ್ತಮುತ್ತ ಕೂಡಿಕೊಂಡು ಶ್ರೀರಂಗಪಟ್ಟಣದ ಕಡೆ ಹೊರಟಿತು.

ಇದಾವುದೂ ಆಗ ನಮಗೆ ಗೊತ್ತಿರಲಿಲ್ಲ. ನಮಗೆ ಬಾಗಿಲೆಂದರೆ ಸ್ಟೇಜು. ಮೊದಲನೆ ಬಾಗಿಲು ಒಂದು-ಒಂದು, ಎರಡನೆಯದು ಒಂದು-ಎರಡು, ಹೀಗೆ. ಒಬ್ಬೊಬ್ಬ ಆಮೆ ಒಂದೊಂದು ಬಾಗಿಲಲ್ಲಿ ಕಾಯಬೇಕು. ಆಮೆ ಮುಟ್ಟಿದರೆ ಕೆಳಗಿನ ಬಾಗಿಲಿಗೆ ವಾಪಸು. ದಾರಿಯಲ್ಲಿ ಗುಲಗಂಜಿ ಆರಿಸಬೇಕು. ಹತ್ತು ಗುಲಗಂಜಿ ತೋರಿಸಿದರೆ ಒಂದು ಜೀವ, ಅಂದರೆ ಆಮೆ ಮುಟ್ಟಿದರೂ ಅಲ್ಲೇ ನಿಲ್ಲಬಹುದು. ನೂರು ಅಂತ ಇಟ್ಟರೆ ಸಂಜೆಯಾದರೂ ಆಗುವುದಿಲ್ಲ ಅಂತ ಹತ್ತಕ್ಕೆ ಇಳಿಸಿದ್ದು. ಕಾರೆಹಣ್ಣು, ಕವಳೆಹಣ್ಣು ಸಿಕ್ಕರೆ ಅದು ಅಣಬೆ. ತಿಂದವನು ದೊಡ್ಡವನಾದ ಲೆಕ್ಕ, ಒಂದು ಏಟು ಮಾಫಿ. ಬಂಡೆಯಿಂದ ಬಂಡೆಗೆ ಹಾರುವುದನ್ನು ಯಾರೂ ಲೆಕ್ಕಕ್ಕೆ ಇಡುತ್ತಿರಲಿಲ್ಲ, ಅದು ನಡಿಗೆ. ತುದಿಯ ನಂದಿಯನ್ನು ಮೊದಲು ಮುಟ್ಟಿದವನು ಗೆದ್ದ. ಕಾಯಿದೆಗಳು ವಾರವಾರ ಬದಲಾಗುತ್ತಿದ್ದವು, ಜಗಳ ಬದಲಾಗುತ್ತಿರಲಿಲ್ಲ. ಗುಲಗಂಜಿಯನ್ನು ಮನೆಯಿಂದಲೇ ಜೇಬಿಗೆ ತುಂಬಿಕೊಂಡು ಬರುವವರಿದ್ದರು. ಅದಕ್ಕೆ ಪರಿಹಾರವಾಗಿ ಹೊರಡುವ ಮೊದಲು ಎಲ್ಲರ ಜೇಬು ತಡವುವ ಪದ್ಧತಿ ಬಂತು.

ದೊಡ್ಡವರಿಗೆ ನಾವು ಬೆಟ್ಟದಲ್ಲಿ ಏನನ್ನೋ ಹುಡುಕುತ್ತ ಬಗ್ಗಿ ಬಗ್ಗಿ ಓಡಾಡುವುದು ಸರಿಬರುತ್ತಿರಲಿಲ್ಲ. ನಮ್ಮ ಕಡೆ ಬೆಟ್ಟ, ಹಳೆ ಗುಡಿ ಅಂದರೆ ನಿಧಿಯ ಮಾತು ಇದ್ದದ್ದೇ. ನಿಧಿಗೆಂದು ರಾತ್ರೋರಾತ್ರಿ ನಂದಿಯ ಬುಡ ಅಗೆಯುವ ಕಳ್ಳರ ಸುದ್ದಿ ಕರ್ನಾಟಕದ ಪತ್ರಿಕೆಗಳಲ್ಲಿ ಈಗಲೂ ಬರುತ್ತದೆ. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕಿದವನು ಸರ್ಕಾರಕ್ಕೆ ತಿಳಿಸಲೇಬೇಕು ಎಂದು ಬ್ರಿಟಿಷರು 1878ರಲ್ಲೇ ಕಾಯ್ದೆ ಮಾಡಿದ್ದರು. "ಕಲ್ಲಿಗೆ ತಲೆ ಗುದ್ದಿದ್ರೆ ದುಡ್ಡು ಬರುತ್ತೆ ಅಂತ ಯಾವನ್ಲಾ ಹೇಳ್ಕೊಟ್ಟೋನು ನಿಂಗೆ?" ಅಂತ ನಮ್ಮ ಅಜ್ಜಿ ಕೇಳಿದ್ದು, ನಾನು ಒಂದು ಮಧ್ಯಾಹ್ನ ಅವಳಿಗೆ ಮಾರಿಯೋ ಕಥೆ ಹೇಳಿದಾಗ.

ಈಗ ಕುಣಿಗಲ್ ಅಂಗಡಿಯ ದರದ ವಿಷಯ. ನಾನು ಹೇಳಬೇಕೆಂದುಕೊಂಡಿರುವುದು ಇದೇ: ಆಟವನ್ನು ಹೇಗೆ ಆಡಬೇಕೆಂದು ತೀರ್ಮಾನಿಸಿದವನು ಜಪಾನಿನ ಮಿಯಾಮೊಟೊ ಅಲ್ಲ, ಗಲ್ಲಾಪೆಟ್ಟಿಗೆಯಲ್ಲಿ ಕೂತ ನಮ್ಮ ಅಂಗಡಿಯ ಅಣ್ಣ.

ಆಟ ಶುರುವಾದಾಗ ಮೂರು ಜೀವ. ಅಂಗಡಿಯಲ್ಲಿ ಒಂದು ಜೀವಕ್ಕೆ ಒಂದು ರೂಪಾಯಿ ಆದ್ದರಿಂದ ಒಂದು ಆಟವನ್ನು ಮೂವರು ಹಂಚಿಕೊಂಡು ಆಡಬೇಕು. ಮೊದಲನೆಯವನು ಸತ್ತರೆ ಎರಡನೆಯವನು ಅಲ್ಲಿಂದ ಮುಂದುವರಿಸುತ್ತಾನೆ. ಆದರೆ ಈ ಆಟದಲ್ಲಿ ಒಂದು ವಿಶೇಷ ಇದೆ. ಮಾರಿಯೋ ಸತ್ತರೂ ನಾಣ್ಯದ ಲೆಕ್ಕ ಸಾಯುವುದಿಲ್ಲ. ಮೊದಲನೆಯವನು 80 ಕೂಡಿಸಿ ಸತ್ತರೆ ಎರಡನೆಯವನು 80ರಿಂದಲೇ ಎಣಿಸುತ್ತಾನೆ. ಇಪ್ಪತ್ತು ಆರಿಸಿದ ಕೂಡಲೇ ಟಿಣಿಟಿಣಿ ಅಂತ ಸದ್ದಾಗಿ ಹೊಸ ಜೀವ ಬರುತ್ತದೆ. ಅದು ಯಾರದು? ಎಂಬತ್ತು ಕೂಡಿಸಿದವನದೋ, ಇಪ್ಪತ್ತು ಕೂಡಿಸಿದವನದೋ? ಜೀವ ಅಂದರೆ ಒಂದು ರೂಪಾಯಿ. ಆಗ ಒಂದು ರೂಪಾಯಿಗೆ ಹೋಟೆಲಿನಲ್ಲಿ ಒಂದು ಬೋಂಡಾ ಬರುತ್ತಿತ್ತು. ಅಣ್ತಮ್ಮಂದಿರ ನಡುವೆ ಹೊಡೆದಾಟವೇ ಆಗಿದೆ. ಕೊನೆಗೆ ಅಂಗಡಿಯ ಅಣ್ಣ ತೀರ್ಪು ಕೊಟ್ಟ: ನೂರನೇ ನಾಣ್ಯ ಯಾರ ಕೈಯಲ್ಲಿ ಬಿತ್ತೋ ಜೀವ ಅವನದು.

ಈ ತೀರ್ಪಿನ ಮೇಲೆ ಒಂದು ಆಟದ ಶೈಲಿಯೇ ಬೆಳೆಯಿತು. ತನ್ನ ಸಾವು ಹತ್ತಿರ ಬಂತು, ನೂರು ಮುಟ್ಟುವುದಿಲ್ಲ ಅನ್ನಿಸಿದವನು ನಾಣ್ಯ ಕಂಡರೂ ಮುಟ್ಟದೆ ಹೋಗುತ್ತಿದ್ದ, ಹಿಂದಿನವನಿಗೆ ಸುಮ್ಮನೆ ಯಾಕೆ ಬಿಟ್ಟುಹೋಗಲಿ ಎಂದು. 85 ದಾಟಿದ ಲೆಕ್ಕ ಕೈಗೆ ಬಂದವನು ಮಾತ್ರ ಉಸಿರು ಬಿಗಿಹಿಡಿದು ಒಂದೊಂದನ್ನೇ ಆರಿಸುತ್ತಿದ್ದ. ಮೊದಲನೇ ಸ್ಟೇಜಿನಲ್ಲೇ ಒಂದು ಕೊಳವೆಯೊಳಗೆ ಇಳಿದರೆ ನೆಲಮಾಳಿಗೆ, ಅಲ್ಲಿ 19 ನಾಣ್ಯ. 81 ಇದ್ದಾಗ ಮೊದಲನೇ ಸ್ಟೇಜು ಸಿಗುವ ಯೋಗ ಯಾರಿಗೂ ಇರುವುದಿಲ್ಲವಲ್ಲ, ಆದ್ದರಿಂದ ಮುಂದಿನ ಯಾವ ಸ್ಟೇಜಿನಲ್ಲಿ ಯಾವ ಇಟ್ಟಿಗೆಯೊಳಗೆ ಒಂದಕ್ಕಿಂತ ಹೆಚ್ಚು ನಾಣ್ಯ ಇದೆ ಎಂಬುದನ್ನು ಹುಡುಗರು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದರು. ಸೋಷಿಯಲ್ ಸ್ಟಡೀಸ್ ನೋಟ್‌ಬುಕ್ಕಿಗೇ ಈ ಭಾಗ್ಯ ಹೆಚ್ಚು.

ಅದೇ ಕ್ಯಾಸೆಟ್ಟಿನಲ್ಲಿ 'ಅಡ್ವೆಂಚರ್ ಐಲೆಂಡ್' ಎಂಬ ಇನ್ನೊಂದು ಆಟ ಇತ್ತು, 1986ರದ್ದು, ಹಡ್ಸನ್ ಕಂಪನಿಯದು. ಅದರಲ್ಲಿ ಹುಡುಗನ ಶಕ್ತಿ ತಾನಾಗಿ ಇಳಿಯುತ್ತ ಹೋಗುತ್ತದೆ, ಹಣ್ಣು ಆರಿಸಿ ತಿನ್ನದಿದ್ದರೆ ಸಾವು. ಆರಿಸುವುದು ಅಲ್ಲಿ ಆಸೆಗಲ್ಲ, ಹಸಿವಿಗೆ. ಯಾವ ದರ ಇಟ್ಟರೂ ಅದನ್ನು ಬೇರೆ ತರಹ ಆಡಲು ಬರುವುದಿಲ್ಲ. ಬಹುಶಃ ಅದಕ್ಕೇ ನಮ್ಮವರಿಗೆ ಅದು ಅಷ್ಟು ಹಿಡಿಸಲಿಲ್ಲ.

ಜೀವದ ದರ ಬಿದ್ದುಹೋದದ್ದು ಒಂದು ಆಮೆಯಿಂದ. ಮೂರನೇ ಲೋಕದ ಮೊದಲನೇ ಸ್ಟೇಜಿನ ಕೊನೆಗೆ ಮೆಟ್ಟಿಲ ಮೇಲಿಂದ ಎರಡು ಆಮೆ ಇಳಿದುಬರುತ್ತವೆ. ಅದರಲ್ಲೊಂದನ್ನು ಸರಿಯಾದ ಜಾಗದಲ್ಲಿ ತುಳಿದರೆ ಚಿಪ್ಪು ಮೆಟ್ಟಿಲಿಗೆ ಬಡಿದು ಬಡಿದು ವಾಪಸು ಬರುತ್ತದೆ, ಮಾರಿಯೋ ಅದರ ಮೇಲೆ ಕುಪ್ಪಳಿಸುತ್ತಲೇ ಇರುತ್ತಾನೆ, ಕುಪ್ಪಳಿಸಿದಷ್ಟೂ ಜೀವ. ಈ ವಿದ್ಯೆಯನ್ನು ಕುಣಿಗಲ್ಲಿಗೆ ತಂದವನು ತುಮಕೂರಿನ ಹಾಸ್ಟೆಲಿನಲ್ಲಿ ಓದುತ್ತಿದ್ದ ಒಬ್ಬ ಹುಡುಗ. ಒಂದು ರೂಪಾಯಿ ಕೊಟ್ಟು ಕೂತವನು ಸಂಜೆಯವರೆಗೆ ಏಳಲಿಲ್ಲ. ಜೀವದ ಲೆಕ್ಕ ಹತ್ತು ದಾಟಿದ ಮೇಲೆ ತೆರೆಯ ಮೇಲೆ ಅಂಕಿಯ ಜಾಗದಲ್ಲಿ ಕಿರೀಟ ಮೂಡಿತು, ಆಮೇಲೆ ಏನೇನೋ ಗುರುತು. ಅಂಗಡಿಯ ಅಣ್ಣ ತಲೆಮೇಲೆ ಕೈಹೊತ್ತು ಕೂತ. ಆದರೆ ಆ ಹುಡುಗನೂ ಕುಪ್ಪಳಿಸುವುದನ್ನು ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಕೆಟ್ಟ. ಯಂತ್ರದ ಲೆಕ್ಕದಲ್ಲಿ 127ರವರೆಗೆ ಮಾತ್ರ ಕೂಡುವ ಸಂಖ್ಯೆ; ಅದನ್ನು ದಾಟಿದರೆ ಯಂತ್ರ ಅದನ್ನು ಸೊನ್ನೆಗಿಂತ ಕೆಳಗಿನ ಸಂಖ್ಯೆ ಎಂದು ಓದುತ್ತದೆ. ಅಷ್ಟೊಂದು ಜೀವ ಇಟ್ಟುಕೊಂಡು ಒಂದು ಸಲ ಗುಂಡಿಗೆ ಬಿದ್ದ, ಆಟವೇ ಮುಗಿಯಿತು. ಪರದೆಯಾಚೆಯಿಂದ ಎದ್ದ ಕೇಕೆ ಬಸ್ ಸ್ಟ್ಯಾಂಡಿಗೆ ಕೇಳಿಸಿತ್ತು.

ಮಾರನೇ ವಾರ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಹೊಸ ದರ: ಗಂಟೆಗೆ ಹತ್ತು, ಅರ್ಧ ಗಂಟೆಗೆ ಐದು. ಕಟ್ಟಿನ ಗಡಿಯಾರವೊಂದು ಗೋಡೆಗೆ ಬಂತು. ಆ ಗಡಿಯಾರ ಬಂದ ದಿನ ನಾಣ್ಯ ಸತ್ತಿತು. ಸಮಯಕ್ಕೆ ದುಡ್ಡು ಕೊಟ್ಟವನಿಗೆ ಜೀವದ ಚಿಂತೆ ಇಲ್ಲ. ಸತ್ತರೆ ಮತ್ತೆ ಶುರು ಮಾಡಿದರಾಯಿತು. ಅವನಿಗೆ ಬೇಕಾದದ್ದು ಅರ್ಧ ಗಂಟೆಯೊಳಗೆ ಎಂಟನೇ ಲೋಕ ಮುಟ್ಟಿ ರಾಜಕುಮಾರಿಯ ಮುಖ ನೋಡುವುದು. ಒಂದು-ಎರಡರ ಚಾವಣಿಯ ಮೇಲೆ ಓಡಿ ಮುಂದಿನ ಲೋಕಕ್ಕೆ ನೇರ ಹಾರುವ ಕೊಳವೆ ಎಲ್ಲಿದೆ ಎಂಬುದೇ ಈಗ ವಿದ್ಯೆ. ದಾರಿಯ ಮೇಲಿನ ನಾಣ್ಯ ಸಿಕ್ಕರೆ ಸಿಕ್ಕಿತು.

ಇದಕ್ಕೆ ನನ್ನ ಬಳಿ ಸಾಕ್ಷಿ ಇದೆ. ಆ ಅಂಗಡಿಯ ಜಾಯ್‌ಸ್ಟಿಕ್ಕುಗಳನ್ನು ಎರಡೂ ಕಾಲದಲ್ಲಿ ಬಿಚ್ಚಿದವನು ನಾನು. ಜೀವದ ದರ ಇದ್ದಾಗ ಮೊದಲು ಸವೆಯುತ್ತಿದ್ದುದು ಎ ಗುಂಡಿಯ ರಬ್ಬರು. ಎ ಅಂದರೆ ಹಾರು. ಗಂಟೆಯ ದರ ಬಂದ ಮೇಲೆ ಬಿ ಗುಂಡಿಯದು ಮೊದಲು ಹೋಗತೊಡಗಿತು. ಬಿ ಅಂದರೆ ಓಡು, ಅದನ್ನು ಒತ್ತಿ ಹಿಡಿದೇ ಇರಬೇಕು. ಶಾಸನ ಓದುವವರು ಕಲ್ಲಿನ ಸವೆತ ನೋಡಿ ಕಾಲ ಹೇಳುವುದಾದರೆ ನಾನೂ ಇಷ್ಟು ಹೇಳಬಲ್ಲೆ.

ಪರದೆ ಯಾಕಿತ್ತು ಎಂಬುದಕ್ಕೆ ಉತ್ತರ ಬೆಂಗಳೂರಿನಲ್ಲೂ ದಿಲ್ಲಿಯಲ್ಲೂ ಇತ್ತು. ಬೆಂಗಳೂರಿನಲ್ಲಿ ವಿಡಿಯೋ ಗೇಮ್ ಪಾರ್ಲರುಗಳು ಹೆಚ್ಚಿ, ಕೆಲವು ಕಡೆ ಅದೃಷ್ಟದ ಯಂತ್ರಗಳೂ ಸೇರಿಕೊಂಡು, ಪೊಲೀಸರು ಪರವಾನಗಿ ಕೇಳಿದಾಗ ಮಾಲೀಕರು ಕೋರ್ಟಿಗೆ ಹೋದರು. ಎಂ.ಜೆ. ಶಿವಾನಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1995ರಲ್ಲಿ ತೀರ್ಪು ಕೊಟ್ಟಿತು: ಪಾರ್ಲರಿಗೆ ಪರವಾನಗಿ ಬೇಕೆನ್ನುವ, ಅದನ್ನು ಹತೋಟಿಯಲ್ಲಿಡುವ ಅಧಿಕಾರ ಸರ್ಕಾರಕ್ಕೆ ಉಂಟು. ಮಾರಿಯೋ ಆಡಿಸಿ ಬದುಕುವ ಓಣಿಯ ಅಂಗಡಿಗೂ ದುಡ್ಡು ನುಂಗುವ ಅದೃಷ್ಟದ ಯಂತ್ರಕ್ಕೂ ಇರುವ ಅಂತರ ಬೀಟ್ ಪೇದೆಗೆ ಬಿಡಿಸಿ ಹೇಳುವುದು ಸುಲಭವಿರಲಿಲ್ಲ. ಹಸಿರು ಪರದೆ ಅದಕ್ಕೆ. ಇದೇ ಜಗಳ ಆಮೇಲೂ ನಿಲ್ಲಲಿಲ್ಲ. 2021ರಲ್ಲಿ ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಂದ ಆನ್‌ಲೈನ್ ಆಟದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟು 2022ರ ಫೆಬ್ರವರಿಯಲ್ಲಿ ರದ್ದು ಮಾಡಿತು; 2025ರಲ್ಲಿ ಕೇಂದ್ರ ಸರ್ಕಾರ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾಯ್ದೆ ತಂದಿತು.

ಟಿವಿ ಆಟದ ಜೊತೆಜೊತೆಗೇ ಕಂಪ್ಯೂಟರ್ ಕ್ಲಾಸುಗಳು ಬಂದವು. ಚಪ್ಪಲಿ ಹೊರಗೆ ಬಿಟ್ಟು, ಎಸಿ ಕೋಣೆಯಲ್ಲಿ ಡಾಸ್ ಕಲಿಯುವುದು. ಮೇಷ್ಟ್ರು ಆಚೆ ಹೋದ ಕೂಡಲೇ ಫ್ಲಾಪಿಯಿಂದ 'ಡೇಂಜರಸ್ ಡೇವ್' ಎದ್ದು ಬರುತ್ತಿದ್ದ. ಅಮೆರಿಕದ ಜಾನ್ ರೊಮೆರೊ ಮಾಡಿದ ಆಟ, ಹತ್ತು ಮನೆ. ಇಲ್ಲಿ ಕಾಯಿದೆ ಇನ್ನೂ ಬಿಗಿ: ಚಿನ್ನದ ಕಪ್ಪು ಎತ್ತಿಕೊಳ್ಳದೆ ಬಾಗಿಲು ತೆರೆಯುವುದೇ ಇಲ್ಲ. ಹರಳು, ಉಂಗುರ, ಕಿರೀಟ ನಿಮ್ಮ ಇಷ್ಟ. ಅಲ್ಲಿ ಆಟದ ದರ ಮೇಷ್ಟ್ರ ಕಾಲಸಪ್ಪಳ. ಕಪ್ಪು ತಗೊ, ಓಡು. ಡೇವ್‌ನ ಹರಳುಗಳನ್ನೆಲ್ಲ ಪೂರಾ ಆರಿಸಿದವರನ್ನು ನಾನು ಆ ಕಾಲದಲ್ಲಿ ಕಂಡಿಲ್ಲ.

ಇತ್ತ ಜಗತ್ತಿನಲ್ಲಿ ಆರಿಸುವ ಆಟ ಬೇರೆಯೇ ದಾರಿ ಹಿಡಿದಿತ್ತು. ಅದರ ಬೇರು ಹಳೆಯದು. 1982ರಲ್ಲಿ ಡೇವಿಡ್ ಕ್ರೇನ್ ಮಾಡಿದ 'ಪಿಟ್‌ಫಾಲ್' ಆಟದಲ್ಲಿ ಇಪ್ಪತ್ತು ನಿಮಿಷದೊಳಗೆ ಕಾಡಿನಲ್ಲಿ 32 ನಿಧಿ ಹುಡುಕಬೇಕಿತ್ತು. 1996ರ 'ಸೂಪರ್ ಮಾರಿಯೋ 64'ರಲ್ಲಿ 120 ನಕ್ಷತ್ರ. 1998ರಲ್ಲಿ ಇಂಗ್ಲೆಂಡಿನ ರೇರ್ ಕಂಪನಿ ಮಾಡಿದ 'ಬ್ಯಾಂಜೊ-ಕಜೂಯಿ'ಯಲ್ಲಿ ಪ್ರತಿ ಲೋಕದಲ್ಲೂ ನೂರು ಸ್ವರ, ಹತ್ತು ಬಂಗಾರದ ಚಿತ್ರತುಂಡು. ಅವರದೇ 1999ರ 'ಡಾಂಕಿ ಕಾಂಗ್ 64'ರಲ್ಲಿ ಬಂಗಾರದ ಬಾಳೆಹಣ್ಣೇ 201, ಅದರ ಮೇಲೆ ಸಾವಿರಗಟ್ಟಲೆ ಬಣ್ಣಬಣ್ಣದ ಬಾಳೆಹಣ್ಣು, ಐದು ಕೋತಿ, ಒಂದು ಕೋತಿಯ ಹಣ್ಣನ್ನು ಇನ್ನೊಂದು ಮುಟ್ಟುವಂತಿಲ್ಲ. ಇವುಗಳಲ್ಲಿ ಆರಿಸುವುದೇ ಆಟ. ಕ್ಯಾಸೆಟ್ಟಿನಲ್ಲಿ ಉಳಿಸಿಕೊಳ್ಳುವ ಏರ್ಪಾಡು ಬಂದಿತ್ತು, ಬೆನ್ನ ಹಿಂದೆ ನಿಂತು ಸ್ಟೂಲು ಒದೆಯುವವರಿಲ್ಲ. ಸ್ವಂತ ಮನೆ, ಸ್ವಂತ ಸೆಟ್ಟು, ಹೋಗದ ಕರೆಂಟು, ಉದ್ದನೆಯ ರಜೆ ಇರುವವರಿಗೆ ಮಾಡಿದ ಆಟಗಳು. ನಮ್ಮ ಕಡೆ ಅವು ಬರಲೇ ಇಲ್ಲ. ಸೆಗಾ ಕಂಪನಿಯ ಮೆಗಾ ಡ್ರೈವ್ ಸೆಟ್ಟನ್ನು 1995ರಲ್ಲಿ ಶಾ ವಾಲೇಸ್ ಇಲ್ಲಿ ಮಾರಲು ತಂದಾಗ ಅದರ ಬೆಲೆ 18,000 ರೂಪಾಯಿ. ನಮ್ಮ ಅಂಗಡಿಯ ಅಣ್ಣ ಆ ಬೆಲೆ ಕೇಳಿ ನಕ್ಕಿದ್ದ. ಆ ದುಡ್ಡಿಗೆ ಅವನು ಎರಡು ಟಿವಿ ಕೊಳ್ಳುತ್ತಿದ್ದ.

ಡಾಂಕಿ ಕಾಂಗ್ ಆಟವನ್ನು ನಾನು ಆಡಿದ್ದು ತೀರ ಈಚೆಗೆ, ಬೆಂಗಳೂರಿನ ಅಕ್ಕನ ಮನೆಯಲ್ಲಿ, ಅವಳ ಮಗನ ಕಂಪ್ಯೂಟರಿನಲ್ಲಿ. ಹಬ್ಬದ ರಜೆ, ಕೇಳುವವರಿಲ್ಲ. ಅರ್ಧ ಗಂಟೆಯಲ್ಲಿ ನನಗೆ ಹೊಟ್ಟೆಯಲ್ಲಿ ತಳಮಳ ಶುರುವಾಯಿತು. ಬಾಳೆಹಣ್ಣು ಆರಿಸುತ್ತಿದ್ದೇನೆ, ಆದರೆ ಇದರಿಂದ ಯಾರ ರೂಪಾಯಿ ಉಳಿಯಿತು? "ಮಾವ, ಎಲ್ಲಾ ಆರಿಸ್ಬೇಕು, ನೂರಾ ಒಂದು ಪರ್ಸೆಂಟ್ ಮಾಡ್ಬೇಕು," ಎಂದ ಹುಡುಗ. ಯಾಕೆ ಎಂದೆ. ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಇಲ್ಲಿ ಅವನು ತಪ್ಪು ಎಂದು ನಾನು ಹೇಳುವುದಿಲ್ಲ. ಅವನು ಆ ಆಟವನ್ನು ಮಾಡಿದವರು ಬಯಸಿದ ಹಾಗೆಯೇ ಆಡುತ್ತಾನೆ. ನಾವು ಯಾವತ್ತೂ ಹಾಗೆ ಆಡಿದವರಲ್ಲ. ಮೊಬೈಲಿನ ಆಟಗಳಲ್ಲಿ ಈಗ ನಾಣ್ಯವನ್ನೇ ದುಡ್ಡು ಕೊಟ್ಟು ಕೊಳ್ಳಬಹುದು. ಜೀವಕ್ಕೆ ರೂಪಾಯಿ ಕೇಳಿದ ನಮ್ಮ ಅಂಗಡಿಯ ಅಣ್ಣ ಆ ಆಟ ಮಾರುವವರಿಗಿಂತ ಎಷ್ಟೋ ಧಾರಾಳಿ. ಅವನು ನಾಣ್ಯವನ್ನು ಮಾರಲಿಲ್ಲ, ಆರಿಸಿದವನಿಗೆ ಬಿಟ್ಟ.

ಅಂಗಡಿ 2000 ದಾಟಿ ಎರಡು ಮೂರು ವರ್ಷ ನಡೆಯಿತು. ನೋಕಿಯಾ ಫೋನಿನಲ್ಲಿ ಹಾವಿನ ಆಟ ಬಂತು, ಓಣಿಯ ತುದಿಯಲ್ಲಿ ಸೈಬರ್ ಕೆಫೆ ಬಂತು. 1997ರಲ್ಲೇ ಬೆಂಗಳೂರಿನಲ್ಲಿ ರಾಜೇಶ್ ರಾವ್ ಅವರ ಧ್ರುವ ಇಂಟರಾಕ್ಟಿವ್ ಶುರುವಾಗಿ, ಹೊರದೇಶದ ದೊಡ್ಡ ಆಟಗಳಿಗೆ ಇಲ್ಲಿಂದ ಚಿತ್ರ ಬರೆದು ಕಳಿಸುತ್ತಿದ್ದರು. ಕುಣಿಗಲ್ಲಿಗೆ ಎಪ್ಪತ್ತು ಕಿಲೋಮೀಟರ್ ದೂರದಲ್ಲಿ ಅಂಥದ್ದು ನಡೆಯುತ್ತಿದೆ ಎಂದು ಆಗ ನಮಗೆ ಯಾರೂ ಹೇಳಲಿಲ್ಲ. ಪರದೆಯ ಹಿಂದಿನ ಜಾಗದಲ್ಲಿ ಈಗ ಜೆರಾಕ್ಸ್ ಯಂತ್ರ ಇದೆ. ಅಂಗಡಿಯ ಅಣ್ಣ ಅಡಿಕೆ ವ್ಯಾಪಾರಕ್ಕೆ ಇಳಿದ. 2017ರಲ್ಲಿ ಕುಣಿಗಲ್ಲಿಗೆ ರೈಲು ಬಂದ ಮೇಲೆ ಅವನನ್ನು ನಾನು ಹೆಚ್ಚಾಗಿ ಕಾಣುವುದು ಸ್ಟೇಷನ್ನಿನಲ್ಲಿ.

ಗುಬ್ಬಿ, ತುಮಕೂರು, ಮಾಗಡಿ, ಎಲ್ಲ ಊರಿನಲ್ಲೂ ಇಂಥ ಒಂದೆರಡು ಅಂಗಡಿ ಇದ್ದವು. ಪ್ರತಿಯೊಂದಕ್ಕೂ ತನ್ನದೇ ದರ, ತನ್ನದೇ ಕಾಯಿದೆ, ತನ್ನದೇ ಜಗಳ. ಅವನ್ನು ನಡೆಸಿದವರು ಇನ್ನೂ ಐವತ್ತರ, ಅರವತ್ತರ ಆಸುಪಾಸಿನಲ್ಲಿ ಆರೋಗ್ಯವಾಗಿ ಓಡಾಡಿಕೊಂಡಿದ್ದಾರೆ. ಕಾಲೇಜಿನಲ್ಲಿ ಇತಿಹಾಸ ಓದುವ ಮಕ್ಕಳು ಅವರನ್ನು ಹುಡುಕಿ ಕೇಳಬೇಕು: ದರ ಎಷ್ಟಿತ್ತು, ಜೀವಕ್ಕೋ ಗಂಟೆಗೋ, ಯಾವಾಗ ಬದಲಾಯಿತು, ಯಾಕೆ. ನಿಮ್ಮ ಮನೆಯ ಅಟ್ಟದಲ್ಲಿ ಹಳೆ ಸೆಟ್ಟು ಇದ್ದರೆ ಗುಜರಿಗೆ ಹಾಕಬೇಡಿ. ಕ್ಯಾಸೆಟ್ಟಿನ ಬಾಯಿಗೆ ಊದಬೇಡಿ, ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿ. ಅಡಾಪ್ಟರಿನ ಮೇಲೆ ಪ್ಲಸ್ ಒಳಗೋ ಹೊರಗೋ ಎಂಬ ಗುರುತು ಇರುತ್ತದೆ, ಅದನ್ನು ನೋಡದೆ ಬೇರೆ ಅಡಾಪ್ಟರ್ ಚುಚ್ಚಬೇಡಿ. ಹಾಗೆ ಸುಟ್ಟ ಸೆಟ್ಟನ್ನು ಯಾರಿಗೂ ರಿಪೇರಿ ಮಾಡಲು ಬರುವುದಿಲ್ಲ.